ಕೊಡಗಿನ ತೊರೆಗಳಲ್ಲಿ ಬೇಸಿಗೆ ಶುರುವಿನಲ್ಲಿ ಗೈಡ್ ಜೊತೆ ಟ್ರೌಟ್ ಹಿಡಿಯಬಹುದಾ?

ಟ್ರೌಟ್ ಸಿಗಲ್ಲ. ಆ ಮೀನಿಗೆ ವರ್ಷವಿಡೀ ತಣ್ಣಗಿರುವ ನೀರು ಬೇಕು. 20 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ನೋಡಲೇಬೇಕೆಂದರೆ ನೀಲಗಿರಿಗೋ ಮುನ್ನಾರಿಗೋ ಹೋಗಿ. ಅಲ್ಲಿಗೂ ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟದ್ದೇ.

ಕೊಡಗಿನ ಹೆಮ್ಮೆ ಮಹಶೀರ್ ಅನ್ನೋ ದೊಡ್ಡ ನದಿ ಮೀನು. ವಾಲ್ನೂರಿನ ಬಳಿಯ ಕಾವೇರಿ ಇದಕ್ಕೆ ಹೆಸರುವಾಸಿ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಇಳಿದು ಮೀನುಗಳು ಮಡುಗಳಲ್ಲಿ ಸೇರಿಕೊಳ್ಳುತ್ತವೆ. ಯಾವ ಬಂಡೆಯ ಹಿಂದೆ ಮಡು ಇದೆ, ಆನೆಗಳು ಎಲ್ಲಿ ನೀರಿಗಿಳಿಯುತ್ತವೆ ಅನ್ನೋದು ಊರಿನ ಗೈಡ್‌ಗೇ ಚೆನ್ನಾಗಿ ಗೊತ್ತು. ಹಳೇ ಕಾಲದ ಎರೆ ಅಂದ್ರೆ ರಾಗಿ ಹಿಟ್ಟು: ಗಟ್ಟಿಯಾಗಿ ಬೇಯಿಸಿ, ನಿಂಬೆ ಗಾತ್ರದ ಉಂಡೆ ಮಾಡಿ, ಗಾಳ ಕಾಣದ ಹಾಗೆ ಮೆತ್ತುತ್ತಾರೆ.

ಪರ್ಮಿಟ್ ಇಲ್ಲದೆ ಸುಮ್ನೆ ನೀರಿಗಿಳಿಯಬೇಡಿ. ಹಿಡಿದ ಮೀನನ್ನು ಬಿಡಲೇಬೇಕು. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ) ಕೆಂಪು ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಮೀನು. ಗಾಳದ ಹಿಮ್ಮುಳ್ಳನ್ನು (ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳು) ಇಕ್ಕಳದಿಂದ ಮೊದಲೇ ಒತ್ತಿಬಿಡಿ. ಕೈ ಒದ್ದೆ ಮಾಡಿಕೊಂಡು, ನೀರೊಳಗೇ ಗಾಳ ಬಿಡಿಸಿ. ಮೂತಿಯನ್ನು ಹರಿವಿಗೆ ಎದುರು ಮಾಡಿ, ಅದೇ ಬಾಲ ಬಡಿದು ಹೊರಡುವವರೆಗೆ ಮೆಲ್ಲಗೆ ಹಿಡಿದಿರಿ. ಮಧ್ಯಾಹ್ನದ ಬೆಚ್ಚಗಿನ ನೀರಲ್ಲಿ ಮೀನು ಬೇಗ ಸುಸ್ತಾಗುತ್ತದೆ, ಅದಕ್ಕೇ ಬೆಳಗ್ಗೆಯೇ ಹೋಗಿ.