ಗಾಳಿಯ ನಿಯಮವನ್ನು ಸರ್ಕಾರವೇ ಪಾಲಿಸದಿದ್ದರೆ ಕಾಸರಗೋಡಿನವರು ಎಲ್ಲಿಗೆ ಹೋಗಬೇಕು?

ಸರ್ಕಾರದ ವಿರುದ್ಧ ಆದೇಶ ಪಡೆಯುವುದು ಸಾಧ್ಯ. ಅದನ್ನು ಜಾರಿಗೊಳಿಸುವುದೇ ಹೆಚ್ಚು ಕಷ್ಟ. ಮಾಲಿನ್ಯವಿಲ್ಲದ ಗಾಳಿ ಮತ್ತು ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿರುವುದರಿಂದ ಕೇರಳ ಹೈಕೋರ್ಟಿನಲ್ಲಿ ರಿಟ್ ಅರ್ಜಿ (ಹಕ್ಕಿನ ರಕ್ಷಣೆ ಕೋರಿ ನೇರವಾಗಿ ಹೈಕೋರ್ಟಿಗೆ ಸಲ್ಲಿಸುವ ಅರ್ಜಿ) ಸಲ್ಲಿಸಬಹುದು. 1981ರ ವಾಯು ಕಾಯಿದೆಗೆ ಸಂಬಂಧಿಸಿದ ವ್ಯಾಜ್ಯವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೂ ಒಯ್ಯಬಹುದು; ಆದರೆ ವ್ಯಾಜ್ಯದ ಕಾರಣ ಮೊದಲು ಉಂಟಾದ ದಿನದಿಂದ ಆರು ತಿಂಗಳ ಗಡುವಿದೆ, ಇದನ್ನು ಮರೆತು ಕೈಸುಟ್ಟುಕೊಳ್ಳಬಾರದು. ಈ ನ್ಯಾಯಮಂಡಳಿಯ ಆದೇಶವನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ (ಅಂತಿಮ ತೀರ್ಪಿನಂತೆ) ಜಾರಿಗೊಳಿಸಬಹುದು, ಇಲಾಖೆ ಪಾಲಿಸದಿದ್ದರೆ ಅದರ ಮುಖ್ಯಸ್ಥರನ್ನೇ ಹೊಣೆ ಮಾಡಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆಯ 28ನೇ ಕಲಮಿನಲ್ಲಿ ಅವಕಾಶವಿದೆ.

ಜಾರಿಯ ಕಷ್ಟಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಕೇರಳ ಸರ್ಕಾರಕ್ಕೆ ಆದೇಶಿಸಿತ್ತು. ಆದರೂ 2022ರಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿಯ ವಿಚಾರಣೆಯಲ್ಲಿ ಸರ್ಕಾರದ ವಿಳಂಬವನ್ನು ನ್ಯಾಯಾಲಯ ಕಟುವಾಗಿ ಟೀಕಿಸಬೇಕಾಯಿತು. ಆದ್ದರಿಂದ ಅರ್ಜಿಯಲ್ಲೇ ಹೊಣೆಗಾರ ಅಧಿಕಾರಿಯ ಹುದ್ದೆ, ಗಡುವು ಮತ್ತು ಪಾಲನಾ ವರದಿಯನ್ನು ಸ್ಪಷ್ಟವಾಗಿ ಕೋರುವುದು ಲೇಸು.