ಪೆಟ್ಟಿಗೆ ತುಂಬ ಬಲೆ ಕಟ್ಟುವ ಟರಾಂಟುಲಾ ಬೇಕು ಎಂದವರಿಗೆ

ಎರಡು ವರ್ಷದಿಂದ ಕರ್ಲಿ ಹೇರ್ ಎಂಬ ಟರಾಂಟುಲಾ (ಮೈತುಂಬ ಕೂದಲಿರುವ ದೊಡ್ಡ ಜೇಡ) ಸಾಕಿದ್ದೀರಿ, ಅದು ಬಲೆಯನ್ನೇ ಕಟ್ಟುತ್ತಿಲ್ಲ, ಚೆನ್ನಾಗಿ ಬಲೆ ಹೆಣೆಯುವ ಜಾತಿ ಯಾವುದು ಎಂದು ಕೇಳಿದ್ದೀರಿ. ನಿಮ್ಮ ಕರ್ಲಿ ಹೇರ್‌ಗೆ ಏನೂ ಆಗಿಲ್ಲ, ಗಾಬರಿ ಬೇಡ. ಅದು ಮಣ್ಣು ಕೊರೆದು ಬಿಲದಲ್ಲಿ ಇರುವ ಜಾತಿ. ಬಿಲದ ಬಾಯಿಗೆ ಒಂದಿಷ್ಟು ಎಳೆ, ಪೊರೆ ಬಿಡುವ ಮುಂಚೆ ಮಲಗಲು ತೆಳ್ಳನೆಯ ಒಂದು ಚಾಪೆ, ಅಲ್ಲಿಗೆ ಅದರ ನೇಯ್ಗೆ ಮುಗಿಯಿತು.

ನಿಮ್ಮಷ್ಟು ಅನುಭವ ಇದ್ದವರಿಗೆ ನಾನು ಹೇಳುವುದು ಗ್ರೀನ್ ಬಾಟಲ್ ಬ್ಲೂ, ಎಲ್ಲರೂ ಜಿಬಿಬಿ ಅನ್ನುತ್ತಾರಲ್ಲ, ಅದೇ. ಶಾಸ್ತ್ರೀಯ ಹೆಸರು ಕ್ರೊಮ್ಯಾಟೊಪೆಲ್ಮಾ ಸಯಾನಿಯೊಪ್ಯುಬೆಸೆನ್ಸ್. ವೆನೆಜುವೆಲಾದ ಉತ್ತರ ತುದಿಯ ಪರಾಗ್ವಾನಾ ಪರ್ಯಾಯದ್ವೀಪದ ಕಡೆಯದು. ಅಲ್ಲಿ ಮಳೆ ಕಡಿಮೆ, ಕುರುಚಲು ಗಿಡಗಳೇ ಜಾಸ್ತಿ. ಆ ಗಿಡಗಳ ಬುಡದಲ್ಲಿ, ಬೇರುಗಳ ಸಂದಿಯಲ್ಲಿ ಬಲೆ ಹಬ್ಬಿಸಿಕೊಂಡು ಇರುವುದು ಇದರ ರೂಢಿ. ನೀಲಿ ಕಾಲು, ಹಸಿರು ಛಾಯೆಯ ಬೆನ್ನು, ಕಿತ್ತಳೆ ಹೊಟ್ಟೆ. ಬಿಳಿ ಬಲೆಯ ಮೇಲೆ ಕೂತಾಗ ನೋಡಬೇಕು ಅದನ್ನು.

ನನ್ನದು ಹೊಸ ಪೆಟ್ಟಿಗೆಗೆ ಬಂದ ಮೂರನೇ ರಾತ್ರಿ ಕಟ್ಟಲು ಶುರು ಮಾಡಿತು. ಹೊಟ್ಟೆಯ ತುದಿಯಲ್ಲಿ ಎರಡು ಸಣ್ಣ ಬೆರಳಿನಂಥ ನೂಲಿನ ಅಂಗಗಳಿರುತ್ತವೆ. ಹೊಟ್ಟೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತ, ಆ ಬೆರಳುಗಳನ್ನು ಕಡ್ಡಿಗೆ ಒತ್ತಿ, ಎತ್ತಿ, ಪಕ್ಕದ ತೊಗಟೆಗೆ ಒತ್ತುತ್ತ ಸಾಗುತ್ತಿತ್ತು. ಬರುವುದು ಒಂಟಿ ಎಳೆಯಲ್ಲ, ಹತ್ತಾರು ಎಳೆಗಳು ಕೂಡಿದ ತೆಳು ಪಟ್ಟಿ. ಮೊದಲ ವಾರ ಮಂಜು ಕವಿದಂತೆ ಇದ್ದದ್ದು ಒಂದೂವರೆ ತಿಂಗಳಲ್ಲಿ ಬಟ್ಟೆಯಷ್ಟು ದಪ್ಪವಾಯಿತು, ಅದರೊಳಗೆ ಹೋಗಿಬರಲು ಎರಡು ಸುರಂಗ.

ಆದರೆ ಜಾತಿ ಸರಿಯಾಗಿ ಆರಿಸಿಯೂ ಎಷ್ಟೋ ಜನ ನಿರಾಶರಾಗುತ್ತಾರೆ, ಏಕೆಂದರೆ ಎಳೆ ಕಟ್ಟಲು ಆಸರೆಯೇ ಇರುವುದಿಲ್ಲ. ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಸಿ ಮಧ್ಯದಲ್ಲಿ ಒಂದು ಅಡಗುತಾಣ ಇಟ್ಟರೆ ಜಿಬಿಬಿ ಕೂಡ ನೆಲದ ಮೇಲೆ ಒಂದು ಪದರ ಹರಡಿ ಸುಮ್ಮನಾಗಬಹುದು. ಒಣ ಕೊಕೊಪೀಟ್ ಎಂಟು ಹತ್ತು ಸೆಂಟಿಮೀಟರ್ ಹಾಕಿ. ಹಿಂಬದಿಗೆ ಒಂದು ಕಾರ್ಕ್ ತೊಗಟೆ ಓರೆಯಾಗಿ ನಿಲ್ಲಿಸಿ, ಅದರಿಂದ ಮುಂದಕ್ಕೆ ನಾಲ್ಕೈದು ಕಡ್ಡಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಡಿ, ಅಲುಗಾಡದ ಹಾಗೆ. ಕಡ್ಡಿಗಳ ತುದಿ ಮುಚ್ಚಳಕ್ಕಿಂತ ಎರಡು ಬೆರಳಾದರೂ ಕೆಳಗಿರಲಿ. ಇಲ್ಲವಾದರೆ ಬಲೆಯನ್ನು ಮುಚ್ಚಳಕ್ಕೇ ಬಿಗಿಯುತ್ತದೆ, ನೀವು ತೆರೆದಾಗಲೆಲ್ಲ ಹರಿಯುತ್ತದೆ. ಮುಂದಿನ ಒಂದು ಮೂಲೆ ಖಾಲಿ ಬಿಡಿ, ನೀರಿನ ಬಟ್ಟಲಿಗೆ, ಮೇವು ಹಾಕಲಿಕ್ಕೆ. ಬಟ್ಟಲಿನ ಮೇಲೂ ನೇಯುತ್ತದೆ, ಆಗ ಬಲೆಯ ಮೇಲೆ ನಾಲ್ಕು ಹನಿ ನೀರು ಬಿಟ್ಟರೂ ಕುಡಿಯುತ್ತದೆ.

ತೀರ ಎತ್ತರದ ಪೆಟ್ಟಿಗೆ ಬೇಡ. ಇದು ಮರದ ಜೇಡವಲ್ಲ, ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯಬಹುದು. ಜಾಲರಿಯ ಮುಚ್ಚಳವೂ ಬೇಡ, ಕಾಲಿನ ಉಗುರು ಸಿಕ್ಕಿಕೊಳ್ಳುತ್ತದೆ. ತೂತು ಕೊರೆದ ಅಕ್ರಿಲಿಕ್ ಸಾಕು.

ಒಂದು ತಪ್ಪು ನಾನು ಮಾಡಿದ್ದೇನೆ, ನೀವು ಮಾಡಬೇಡಿ. ತಿಂದುಳಿದ ಉಂಡೆಗಳು ಅಲ್ಲಲ್ಲಿ ಸಿಕ್ಕಿಕೊಂಡಿವೆ ಅಂತ ಒಂದು ಸಲ ಬಲೆಯನ್ನೆಲ್ಲ ತೆಗೆದು ಚೊಕ್ಕಟ ಮಾಡಿದೆ. ಜೇಡ ಮೂರು ವಾರ ಏನೂ ಮುಟ್ಟಲಿಲ್ಲ, ಕಾಲುಗಳನ್ನು ಮೈಗೆ ಒತ್ತಿಕೊಂಡು ಒಂದು ಮೂಲೆಯಲ್ಲೇ ಇತ್ತು. ಅದಕ್ಕೆ ಕಣ್ಣು ಅಷ್ಟಕ್ಕಷ್ಟೇ. ಹುಳು ಎಲ್ಲಿ ಬಂತು, ಅಪಾಯ ಯಾವ ಕಡೆಯಿಂದ ಎಂಬುದು ತಿಳಿಯುವುದೇ ಎಳೆಗಳ ನಡುಕದಿಂದ. ಅಂದು ಅದರ ಮನೆಯನ್ನಷ್ಟೇ ಅಲ್ಲ, ಕಿವಿಯನ್ನೇ ನಾನು ಕಿತ್ತುಹಾಕಿದ್ದೆ. ಈಗಲೂ ನೆನೆದರೆ ಬೇಸರವಾಗುತ್ತದೆ. ಉದ್ದನೆಯ ಚಿಮಟದಲ್ಲಿ ಉಂಡೆ ಮಾತ್ರ ತೆಗೆಯಿರಿ, ಬಲೆ ಹಾಗೇ ಇರಲಿ. ತಿನ್ನದೆ ಬಿಟ್ಟ ಜೀವಂತ ಕ್ರಿಕೆಟ್ ಹುಳವನ್ನು ಮಾತ್ರ ಮರುದಿನದೊಳಗೆ ಹುಡುಕಿ ಹೊರಗೆ ಹಾಕಲೇಬೇಕು. ಪೊರೆ ಬಿಡುವಾಗ ಜೇಡದ ಮೈ ಮೆತ್ತಗಿರುತ್ತದೆ, ಆಗ ಕ್ರಿಕೆಟ್ಟೇ ಅದನ್ನು ಕಚ್ಚಿ ತಿನ್ನುತ್ತದೆ. ಹೆದರಿದಾಗ ಹೊಟ್ಟೆಯ ಮೇಲಿನ, ತಾಗಿದರೆ ತುರಿಸುವ ಕೂದಲು ಉದುರಿಸುವುದರಲ್ಲಿ ಜಿಬಿಬಿ ಧಾರಾಳಿ, ಬಲೆಯಲ್ಲೂ ಆ ಕೂದಲು ಇರುತ್ತದೆ. ಒಳಗೆ ಕೈಹಾಕುವಾಗ ಗ್ಲೌಸ್ ಇರಲಿ, ಕಣ್ಣು ಉಜ್ಜಿಕೊಳ್ಳಬೇಡಿ.

ಉಳಿದ ಜಾತಿಗಳ ಬಗ್ಗೆಯೂ ಕೇಳಿದ್ದೀರಿ. ಮರದ ಮೇಲಿನದು ಇಷ್ಟವಾದರೆ ಮಾರ್ಟಿನಿಕ್ ದ್ವೀಪದ ಕ್ಯಾರಿಬೆನಾ ವರ್ಸಿಕಲರ್. ಹಳಬರು ಅವಿಕ್ಯುಲೇರಿಯಾ ವರ್ಸಿಕಲರ್ ಅನ್ನುತ್ತಾರೆ, 2017ರಲ್ಲಿ ಕುಲದ ಹೆಸರು ಬದಲಾಯಿತು. ಮರಿ ಅಚ್ಚ ನೀಲಿ, ಬೆಳೆದಂತೆ ಹಸಿರು, ಕೆಂಪು ಬರುತ್ತದೆ. ಕೊಂಬೆಯ ಸಂದಿಯಲ್ಲಿ ಕೊಳವೆಯಂತೆ ನೇಯುತ್ತದೆ. ಪೆಟ್ಟಿಗೆಯ ಎರಡೂ ಪಕ್ಕದಿಂದ ಗಾಳಿ ಆಡಬೇಕು, ತೇವ ಕಟ್ಟಿ ನಿಂತ ಗಾಳಿಯಲ್ಲಿ ಮರಿಗಳು ಉಳಿಯುವುದಿಲ್ಲ. ಜಾಗ ಕಡಿಮೆ ಇದ್ದರೆ ನಿಯೊಹೊಲೊಥೆಲೆ ಇನ್ಸೈ, ಡಾಲಿಕೊಥೆಲೆ ಡಯಮಂಟಿನೆನ್ಸಿಸ್ ಎಂಬ ಗಿಡ್ಡ ಜಾತಿಗಳಿವೆ. ಸಣ್ಣವಾದರೂ ಡಬ್ಬಿಯನ್ನೇ ಮುಚ್ಚುವಷ್ಟು ನೇಯುತ್ತವೆ. ಮಿಂಚಿನ ಓಟ, ಮುಚ್ಚಳ ತೆರೆಯುವಾಗ ಎಚ್ಚರ.

ಸೊಕೋಟ್ರಾ ದ್ವೀಪದ ಮಾನೊಸೆಂಟ್ರೋಪಸ್ ಬಾಲ್‌ಫೋರಿ, ಪೂರ್ವ ಆಫ್ರಿಕಾದ ಒಬಿಟಿ (ಆರೆಂಜ್ ಬಬೂನ್ ಟರಾಂಟುಲಾ) ಇವೆರಡರ ಬಲೆ ಅದ್ಭುತ, ಒಪ್ಪುತ್ತೇನೆ. ಬಾಲ್‌ಫೋರಿಯ ಒಡಹುಟ್ಟಿದ ಮರಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸಾಕುವವರೂ ಇದ್ದಾರೆ. ಆದರೂ ಕರ್ಲಿ ಹೇರ್ ಆದ ತಕ್ಷಣ ಇವು ಬೇಡ. ಇವಕ್ಕೆ ಉದುರಿಸುವ ಕೂದಲಿಲ್ಲ, ಓಡುವುದು ಇಲ್ಲವೇ ಕಚ್ಚುವುದು. ಕಚ್ಚಿದರೆ ವಿಪರೀತ ನೋವು, ಸ್ನಾಯು ಸೆಳೆತ. ಒಬಿಟಿ ಅಂತೂ ಸಣ್ಣದಕ್ಕೂ ಮುಂಗಾಲೆತ್ತಿ ಕಚ್ಚಲು ಎದ್ದು ನಿಲ್ಲುತ್ತದೆ.

ಯಾವುದನ್ನೇ ತಂದರೂ ಕಾಡಿನಿಂದ ಹಿಡಿದದ್ದನ್ನಲ್ಲ, ಸಾಕಿದಲ್ಲೇ ಹುಟ್ಟಿದ ಮರಿಯನ್ನು ಕೇಳಿ ತನ್ನಿ. ಮರಿಯನ್ನು ನೇರ ದೊಡ್ಡ ಪೆಟ್ಟಿಗೆಗೆ ಬಿಡಬೇಡಿ. ಅಂಗೈಯಗಲದ ಡಬ್ಬಿ, ಮೂರು ಕಡ್ಡಿ, ಅಷ್ಟಿದ್ದರೆ ಅಲ್ಲಿಂದಲೇ ನೇಯಲು ಶುರು ಮಾಡುತ್ತದೆ. ಡಬ್ಬಿ ಜೋಡಿಸಿದ ಮೇಲೆ, ಮರಿ ಬಿಡುವ ಮುಂಚೆ ಒಂದು ಫೋಟೊ ಹಾಕಿ, ಕಡ್ಡಿಗಳ ಎತ್ತರ ನೋಡಿ ಹೇಳುತ್ತೇನೆ.