‘ಶೆನ್’ ಮುಂದಿನ ಖಾಲಿ ಜಾಗ

ಚೀನೀ ಬೈಬಲಿನಲ್ಲಿ ದೇವರೆಂಬ ಅರ್ಥದ ‘ಶೆನ್’ ಅಕ್ಷರದ ಮುಂದೆ ಪ್ರತಿಸಲವೂ ಜಾಗ ಬಿಟ್ಟಿರುವುದೇಕೆ ಎಂದು ಕೇಳಿದ್ದೀರಿ. ಅದು ಅಚ್ಚಿನ ತಪ್ಪಲ್ಲ, ದೇವರನ್ನು ಚೀನೀ ಭಾಷೆಯಲ್ಲಿ ಏನೆಂದು ಕರೆಯಬೇಕೆಂಬ ಹಳೆಯ ವಾಗ್ವಾದವೊಂದರ ಗುರುತು. ಚೀನಾಕ್ಕೆ ಹೋಗಿದ್ದ ಇಟಲಿಯ ಕ್ಯಾಥೊಲಿಕ್ ಪಾದ್ರಿ ಮತ್ತೆಯೊ ರಿಚ್ಚಿ ಚೀನೀ ಪ್ರಾಚೀನ ಗ್ರಂಥಗಳಲ್ಲಿದ್ದ ‘ಶಾಂಗ್‌ದಿ’ (ಮೇಲಿನ ಒಡೆಯ) ಎಂಬ ಪದವನ್ನೂ ಬಳಸಿದ್ದ. ಪೋಪ್ 1715ರಲ್ಲಿ ಅದನ್ನು ನಿಷೇಧಿಸಿದರು. ಕ್ಯಾಥೊಲಿಕರಿಗೆ ‘ತಿಯೆನ್‌ಝು’, ಅಂದರೆ ಸ್ವರ್ಗದ ಒಡೆಯ, ಗಟ್ಟಿಯಾಯಿತು. 19ನೇ ಶತಮಾನದಲ್ಲಿ ಪ್ರಾಟೆಸ್ಟೆಂಟರೂ ಇದಕ್ಕೇ ಕಿತ್ತಾಡಿದರು: ಬ್ರಿಟನ್ನಿನ ಮಿಷನರಿಗಳಾದ ಮೆಡ್‌ಹರ್ಸ್ಟ್, ಲೆಗ್ ಶಾಂಗ್‌ದಿಯೇ ಸರಿ ಎಂದರು, ಅಮೆರಿಕದ ಬಿಷಪ್ ಬೂನ್ ಶೆನ್ ಬೇಕೆಂದು ಪಟ್ಟು ಹಿಡಿದರು. ಇತ್ಯರ್ಥವಾಗಲೇ ಇಲ್ಲ. ಹಾಗಾಗಿ ಪ್ರಾಟೆಸ್ಟೆಂಟರ ಚೀನೀ ಬೈಬಲಾದ 1919ರ ಯೂನಿಯನ್ ಭಾಷಾಂತರ ಎರಡು ಬಗೆಯಲ್ಲಿ ಅಚ್ಚಾಯಿತು, ಒಂದರಲ್ಲಿ ಶಾಂಗ್‌ದಿ, ಇನ್ನೊಂದರಲ್ಲಿ ಶೆನ್. ಶಾಂಗ್‌ದಿಗೆ ಎರಡು ಅಕ್ಷರ, ಶೆನ್‌ಗೆ ಒಂದೇ. ಶೆನ್ ಮುಂದೆ ಒಂದಕ್ಷರದ ಜಾಗ ಬಿಟ್ಟರೆ ಎರಡೂ ಬಗೆಯಲ್ಲಿ ಸಾಲುಗಳು ಕದಲುವುದಿಲ್ಲ. ಜೊತೆಗೆ, ದೊಡ್ಡವರ ಹೆಸರಿನ ಮುಂದೆ ಜಾಗ ಬಿಟ್ಟು ಬರೆಯುವುದು ಚೀನೀಯರ ಹಳೆಯ ಮರ್ಯಾದೆ. ನನಗೆ ತುಂಬ ಇಷ್ಟವಾದದ್ದು ಅದೇ.